ಮಾತಿನಲ್ಲಿ ಪಂಕ್ತಿಭೇದವೇಕೆ?

ನಮ್ಮ ಮನೆಗಳಲ್ಲಿ ಎಲ್ಲರೂ ಒಂದೆಡೆ ಕೂಡುವುದು ರಾತ್ರಿಯ ಊಟದ ಹೊತ್ತಿಗೆ. ಶಾಲೆಯ ಸುದ್ದಿ, ನಾಳೆಯ ಖರ್ಚು, ನೆರೆಮನೆಯ ಮದುವೆ, ಎಲ್ಲವೂ ಅನ್ನ ಹುಳಿಗಳೊಡನೆ ಅಲ್ಲಿಯೇ ಬಡಿಸಲ್ಪಡುತ್ತವೆ. ಆದರೆ ಕಿವಿ ಮಂದವಾದ ಅಜ್ಜನ ಎಲೆಗೆ ಅನ್ನ ಬೀಳುತ್ತದೆ, ಮಾತು ಬೀಳುವುದಿಲ್ಲ. ಎಲ್ಲರೂ ನಕ್ಕಾಗ ಅವರೂ ಒಂದು ಗಳಿಗೆ ತಡವಾಗಿ ನಗುತ್ತಾರೆ. "ಏನಂದೆ, ಮಗು?" ಎಂದು ಕೇಳಿದರೆ, "ಏನಿಲ್ಲ ಬಿಡಿ, ಅಜ್ಜ" ಎಂದುಬಿಡುತ್ತೇವೆ. ಬಡಿಸುವಾಗ ಪಂಕ್ತಿಭೇದ ಮಾಡುವುದು ತಪ್ಪೆಂದು ಬಲ್ಲ ನಾವು, ಮಾತಿನಲ್ಲಿ ದಿನವೂ ಅದನ್ನೇ ಮಾಡುತ್ತಿದ್ದೇವೆ.

"ಶ್ರವಣಯಂತ್ರ ಕೊಡಿಸಿದ್ದೇವಲ್ಲ" ಎಂದು ಕೆಲವರು ಹೇಳುವುದುಂಟು. ಯಂತ್ರದ ಉಪಕಾರ ದೊಡ್ಡದೇ ಸರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕಿವಿಯನ್ನು ಪರೀಕ್ಷಿಸಿ ತಕ್ಕ ಯಂತ್ರವನ್ನು ಹೊಂದಿಸಿಕೊಡುವ ಕಾರ್ಯದಲ್ಲಿ ನಿರತವಾಗಿದೆ. ಆದರೆ ಕಿವಿಯ ಪರೀಕ್ಷೆ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ. ಊಟ ನಡೆಯುವುದು ಗದ್ದಲದಲ್ಲಿ. ಮುಪ್ಪಿನಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಏರುದನಿಗಳನ್ನು ಕೇಳುವ ಶಕ್ತಿ. ಸ, ಶ, ತ ಮೊದಲಾದ ವ್ಯಂಜನಗಳು ಗುರುತಾಗುವುದು ಆ ಏರುದನಿಯಿಂದಲೇ. ಆದುದರಿಂದ ಅಜ್ಜನಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಸ್ಟೀಲಿನ ತಟ್ಟೆ, ಲೋಟ, ಸೌಟುಗಳ ಠಣತ್ಕಾರವೂ ಇಂಥ ಏರುದನಿಯೇ. ಯಂತ್ರವು ಮಾತಿನೊಡನೆ ಅದನ್ನೂ ಹಿಗ್ಗಿಸುತ್ತದೆ. ನುಣುಪಾದ ಕಲ್ಲಿನ ನೆಲವೂ ಬರಿಯ ಗೋಡೆಗಳೂ ಆ ಸದ್ದನ್ನು ಮರುದನಿಗೊಳಿಸುತ್ತವೆ.

ಆದುದರಿಂದ ಇಂಥ ಸಾಧನಗಳನ್ನು ನಿರ್ಮಿಸುವವರು ತಮ್ಮ ಆಲೋಚನೆಯನ್ನು ಊಟದ ಮನೆಯಿಂದಲೇ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಮಾತನಾಡುವವರ ಬಳಿಯಿಟ್ಟ ಸಣ್ಣ ಮೈಕಿನಿಂದ ರೇಡಿಯೋ ಅಲೆಗಳ ಮೂಲಕ ದನಿಯನ್ನು ನೇರವಾಗಿ ಶ್ರವಣಯಂತ್ರಕ್ಕೆ ಮುಟ್ಟಿಸುವ ಸಾಧನ ಈಗಾಗಲೇ ಇದೆ. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ದನಿಯು 6 ಡೆಸಿಬೆಲ್‌ನಷ್ಟು ಕುಗ್ಗುವುದರಿಂದ, ಮೈಕು ಬಾಯಿಗೆ ಹತ್ತಿರವಿದ್ದಷ್ಟೂ ಲಾಭ. ಆದರೆ ಅದರ ಬೆಲೆ ಬಡವರಿಗೆ ಎಟುಕದು. ಪುಟ್ಟ ಗುಂಡಿಗಳು ಮುದಿಬೆರಳುಗಳಿಗೆ ಒಗ್ಗವು. ಮೇಲಾಗಿ ನಾವು ಕೈಯಿಂದ ಕಲಸಿ ಉಣ್ಣುವವರು; ಎಂಜಲುಗೈಯಿಂದ ಯಂತ್ರವನ್ನು ಮುಟ್ಟುವುದೆಂತು? ಎಡಗೈಯೊಂದರಿಂದಲೇ ನಡೆಸಬಹುದಾದ, ಸಾರು ಚೆಲ್ಲಿದರೂ ಕೆಡದ, ಕನ್ನಡದಲ್ಲಿ ಸೂಚನೆಗಳುಳ್ಳ ಅಗ್ಗದ ಸಾಧನ ನಮಗೆ ಬೇಕು.

ಸಂಗೀತಗಾರ ಬೀಥೋವನನು 1818ರಿಂದ ಮಿತ್ರರ ಮಾತನ್ನು ಪುಸ್ತಕದಲ್ಲಿ ಬರೆಯಿಸಿ ಓದಿಕೊಳ್ಳುತ್ತಿದ್ದನು. ಇಂದಿನ ಫೋನು ಮಾತನ್ನು ಕೇಳಿ ತಾನೇ ಕನ್ನಡ ಅಕ್ಷರಗಳಲ್ಲಿ ತೋರಿಸಬಲ್ಲದು. ಆದರೂ ನಾಲ್ವರು ಒಟ್ಟಿಗೆ ಮಾತನಾಡಿದರೆ ಅದು ತೊಡರಿ ನಿಲ್ಲುತ್ತದೆ. ಯಂತ್ರಕ್ಕೂ ನಮ್ಮ ಸೌಜನ್ಯದ ನೆರವು ಬೇಕು.

ಸಹಪಾಠಿಗಳೆ, ಒಳ್ಳೆಯ ಸಾಧನ ಬರುವತನಕ ನಾವು ಸುಮ್ಮನಿರಬೇಕಾಗಿಲ್ಲ. ಟಿ.ವಿ.ಯನ್ನು ಆರಿಸೋಣ, ತಟ್ಟೆಗಳ ಕೆಳಗೆ ದಪ್ಪ ಬಟ್ಟೆಯನ್ನು ಹಾಸೋಣ. ಸಾಲಾಗಿ ಕೂಡದೆ, ಒಬ್ಬರ ತುಟಿ ಇನ್ನೊಬ್ಬರಿಗೆ ಕಾಣುವಂತೆ ದೀಪದ ಬೆಳಕಿನಲ್ಲಿ ಸುತ್ತ ಕೂಡೋಣ; ಒಬ್ಬರಾದ ಮೇಲೆ ಒಬ್ಬರು ಮಾತನಾಡೋಣ. ನಮ್ಮಲ್ಲಿ ನಾಳೆ ಇಂಜಿನಿಯರರಾಗುವವರು ಇದ್ದಾರೆ. ಅವರು ಇಂದೇ ಅಜ್ಜನ ಪಕ್ಕದಲ್ಲಿ ಕುಳಿತು ಊಟ ಮಾಡಲಿ. ಅಜ್ಜ ಏನೆಂದು ಕೇಳಿದಾಗ, ಮೊದಲಿನಿಂದ ಇನ್ನೊಮ್ಮೆ ಹೇಳಲಿ.