ಗೃಹಸ್ಥರ ಪುಟ: ಒಂದೇ ತಾರಸಿ, ಹನ್ನೆರಡು ಪಾಲು

ಸ್ವಂತ ಮನೆಯ ಸೂರು ಸೋರಿದರೆ ಯಜಮಾನನು ಮೇಸ್ತ್ರಿಯನ್ನು ಕರೆತಂದು, ಹಣ ಕೊಟ್ಟು, ರಿಪೇರಿ ಮಾಡಿಸುತ್ತಾನೆ. ಅಲ್ಲಿಗೆ ವಿಷಯ ಮುಗಿಯಿತು. ಒಂದೇ ಕಟ್ಟಡದಲ್ಲಿ ಹತ್ತಾರು ಸಂಸಾರಗಳು ವಾಸಿಸುವಲ್ಲಿ ಹಾಗಲ್ಲ. ಅಲ್ಲಿ ನೀರನ್ನು ನಿಲ್ಲಿಸುವುದಕ್ಕಿಂತ ಖರ್ಚು ಯಾರದೆಂಬ ವ್ಯಾಜ್ಯವನ್ನು ನಿಲ್ಲಿಸುವುದೇ ಕಷ್ಟ. ಕಳೆದ ವರ್ಷ ಈ ವ್ಯಾಜ್ಯವು ನಮ್ಮ ಬಾಗಿಲಿಗೇ ಬಂದುದರಿಂದ, ಆ ವಿಷಯವಾಗಿ ಈ ಸಲ ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ನಾವಿರುವುದು ಬೆಂಗಳೂರಿನ ಒಂದು ಮೂರಂತಸ್ತಿನ ಕಟ್ಟಡದಲ್ಲಿ, ಮನೆಗಳು ಹನ್ನೆರಡು. ಮೇಲಂತಸ್ತಿನಲ್ಲಿ ವೃದ್ಧೆಯೊಬ್ಬರು ಕುಟುಂಬ ಪಿಂಚಣಿಯನ್ನು ನಂಬಿ ಒಬ್ಬರೇ ಇದ್ದಾರೆ. ತಾರಸಿಯ ಗಾರೆ ಬಿರಿದು, ಎರಡು ಮಳೆಗಾಲ ಅವರು ಮಲಗುವ ಕೋಣೆಯಲ್ಲಿ ಪಾತ್ರೆಗಳನ್ನು ಇಟ್ಟುಕೊಂಡು ಕಾಲ ಕಳೆದರು. ರಿಪೇರಿಗೆ ೫,೬೦,೦೦೦ ರೂಪಾಯಿ ಬೇಕೆಂದು ಅಂದಾಜಾಯಿತು. ಸಭೆ ಕೂಡಿದಾಗ ನೆಲಮಹಡಿಯ ಮಹನೀಯರೊಬ್ಬರು, “ಸ್ವಾಮೀ, ಮಳೆ ಬೀಳುವುದು ತಾರಸಿಯ ಮೇಲೆ. ಅಲ್ಲಿಗೆ ನಾನು ಒಂದು ದಿನವೂ ಹತ್ತಿದವನಲ್ಲ. ಅದರ ಕೆಳಗಿರುವ ನಾಲ್ಕು ಮನೆಯವರು ಕೊಡಲಿ” ಎಂದರು. ನಾವು ನಡುವಿನ ಅಂತಸ್ತಿನವರು. ನಮ್ಮ ಮನೆ ಸೋರುತ್ತಿರಲಿಲ್ಲ. ಸತ್ಯವನ್ನು ಹೇಳಬೇಕಾದರೆ, ಆ ಮಾತನ್ನು ಕೇಳಿ ನಾವೂ ಸುಮ್ಮನೆ ಕುಳಿತೆವು.

ಆಗ ಆ ತಾಯಿಯವರು ಮೆಲ್ಲನೆ ಹೇಳಿದರು: “ಎರಡು ವರ್ಷದ ಹಿಂದೆ ಒಳಚರಂಡಿ ಕಟ್ಟಿಕೊಂಡು ಕೊಳೆನೀರು ನಿಮ್ಮ ಅಂಗಳಕ್ಕೆ ನುಗ್ಗಿತಲ್ಲಪ್ಪಾ, ಆಗ ನನ್ನ ಮನೆಗೆ ಒಂದು ತೊಟ್ಟೂ ಬಂದಿರಲಿಲ್ಲ. ನಾನು ಕೊಡಲಿಲ್ಲವೆ? ಕೊಡೆ ಹಿಡಿದವಳ ಕೈ ಒದ್ದೆಯಾಯಿತೆಂದು ಕೊಡೆಯ ಬೆಲೆಯನ್ನೆಲ್ಲ ಅವಳೇ ತೆರಬೇಕೆ?” ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ನಾವು ಪೆಟ್ಟಿಗೆಯನ್ನು ತೆಗೆದು, ಕೊಂಡ ದಿನದಿಂದ ಬಿಚ್ಚಿ ನೋಡದಿದ್ದ ಕಾಗದಗಳನ್ನು ಓದತೊಡಗಿದೆವು.

೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯು ಮುಂದಿಟ್ಟ ತತ್ತ್ವ ಸರಳವಾದುದು. ಮನೆಯು ಒಬ್ಬೊಬ್ಬನ ಸ್ವತ್ತು. ನಿವೇಶನ, ತಳಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಸೂರು, ಮೆಟ್ಟಿಲು ಇವು ಎಲ್ಲರ ಸ್ವತ್ತು. ಇವುಗಳಲ್ಲಿ ಪ್ರತಿಯೊಬ್ಬನಿಗೂ ಬೇರ್ಪಡಿಸಲಾಗದ ಒಂದು ಪಾಲುಂಟು. ಇಡೀ ಸ್ವತ್ತಿನ ಬೆಲೆಯಲ್ಲಿ ಅವನ ಮನೆಯ ಬೆಲೆ ಎಷ್ಟರ ಭಾಗವೋ ಅದರ ಮೇಲೆ ಆ ಪಾಲು ನಿಶ್ಚಯವಾಗಿ, ಘೋಷಣಾಪತ್ರದಲ್ಲಿ ಶೇಕಡಾ ಲೆಕ್ಕದಲ್ಲಿ ಬರೆಯಲ್ಪಡುತ್ತದೆ. ಸಾಮಾನ್ಯ ಖರ್ಚನ್ನೂ ಅದೇ ಪ್ರಮಾಣದಲ್ಲಿ ಹೊರತಕ್ಕದ್ದು. “ನಾನು ಅದನ್ನು ಬಳಸುವುದಿಲ್ಲ” ಎಂದು ಹೇಳಿ ಈ ಹೊಣೆಯಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಇದು ನ್ಯಾಯವೂ ಹೌದು. ತಾರಸಿಯಲ್ಲಿ ಇಂಗಿದ ನೀರು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತಗಲಿ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ, ಕಾಂಕ್ರೀಟು ಒಳಗಿನಿಂದ ಒಡೆದು ಉದುರುತ್ತದೆ. ನೀರೂ ಒಂದೇ ಅಂತಸ್ತಿನಲ್ಲಿ ನಿಲ್ಲದೆ ಗೋಡೆಯ ಒಳಗಿಂದ ಕೆಳಗಿಳಿಯುತ್ತದೆ. ಇಂದು ಮೇಲಿನವರ ತೊಂದರೆಯಾದುದು ನಾಳೆ ಎಲ್ಲರ ಸ್ವತ್ತಿನ ಬೆಲೆಯನ್ನು ತಗ್ಗಿಸುತ್ತದೆ.

ಇನ್ನು ಸಮಪಾಲೋ, ಪ್ರಮಾಣದ ಪಾಲೋ ಎಂಬ ಪ್ರಶ್ನೆ. ನಮ್ಮ ಕಟ್ಟಡದಲ್ಲಿ ೧,೦೦೦ ಚದರಡಿಯ ಮನೆಗಳು ಎಂಟು, ೧,೫೦೦ ಚದರಡಿಯವು ನಾಲ್ಕು. ಘೋಷಣಾಪತ್ರದ ಪಾಲುಗಳೂ ಅದೇ ಪ್ರಮಾಣದಲ್ಲಿವೆ. ಸಮವಾಗಿ ಹಂಚಿದರೆ ಪ್ರತಿ ಮನೆಗೂ ಸುಮಾರು ೪೬,೬೬೭ ರೂಪಾಯಿ ಬೀಳುತ್ತದೆ. ಪ್ರಮಾಣದಂತೆ ಹಂಚಿದರೆ ಚಿಕ್ಕ ಮನೆಗೆ ೪೦,೦೦೦, ದೊಡ್ಡದಕ್ಕೆ ೬೦,೦೦೦. ಸಮಪಾಲು ಎಂಬ ಮಾತು ಕಿವಿಗೆ ಇಂಪಾದರೂ, ಅದರಲ್ಲಿ ಚಿಕ್ಕ ಮನೆಯವರು ದೊಡ್ಡ ಮನೆಯವರ ಭಾರವನ್ನು ಹೊರುತ್ತಾರೆ. ಆದರೆ ಎಲ್ಲ ಖರ್ಚಿಗೂ ಒಂದೇ ಅಳತೆಯೆಂದೂ ಇಲ್ಲ. ಮಹಾರಾಷ್ಟ್ರದ ವಸತಿ ಸಹಕಾರ ಸಂಘಗಳ ಮಾದರಿ ಬೈಲಾದಲ್ಲಿ ಕಾವಲುಗಾರನ ಸಂಬಳದಂತಹ ಸೇವೆಗಳಿಗೆ ಸಮಪಾಲು. ಲಿಫ್ಟಿಗೂ, ಹತ್ತಲಿ ಬಿಡಲಿ, ಸಮಪಾಲು. ನೀರಿಗೆ ನಲ್ಲಿಗಳ ಲೆಕ್ಕ. ಯಾವುದಕ್ಕೆ ಯಾವ ಅಳತೆ ಎಂಬುದನ್ನು ಖರ್ಚು ಬರುವ ಮೊದಲೇ ಬರೆದಿಡುವುದು ಲೇಸು.

ಎಲ್ಲ ಸೋರಿಕೆಯೂ ಸಾಮಾನ್ಯ ಖರ್ಚಲ್ಲವೆಂಬುದನ್ನೂ ಮರೆಯಬಾರದು. ಮೇಲಿನ ಮನೆಯ ಬಚ್ಚಲಿನ ದೋಷದಿಂದ ಕೆಳಗಿನ ಮನೆಯ ಚಾವಣಿ ಒದ್ದೆಯಾದರೆ, ಬಚ್ಚಲಿನ ಒಡೆಯರೇ ಅದನ್ನು ಸರಿಪಡಿಸುವುದು ನ್ಯಾಯ. ಆದಕಾರಣ ನೀರಿನ ಮೂಲವನ್ನು ತಿಳಿದವರಿಂದ ಮೊದಲು ಪರೀಕ್ಷಿಸಿ, ಅನಂತರ ಪಾಲಿನ ಮಾತೆತ್ತಬೇಕು. ಕಟ್ಟಡ ಹೊಸದಾಗಿದ್ದರೆ ಇನ್ನೊಂದು ದಾರಿಯುಂಟು. ೨೦೧೬ರ ರಿಯಲ್ ಎಸ್ಟೇಟ್ ಕಾಯಿದೆಯಂತೆ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ರಚನೆಯ ಅಥವಾ ಕೆಲಸಗಾರಿಕೆಯ ದೋಷವನ್ನು ತಿಳಿಸಿದರೆ, ಕಟ್ಟಿಸಿದವನು ಬೇರೆ ಹಣ ಕೇಳದೆ ೩೦ ದಿನಗಳಲ್ಲಿ ಸರಿಪಡಿಸಿಕೊಡತಕ್ಕದ್ದು.

ನಮ್ಮ ನಿಜವಾದ ತಪ್ಪು ಬೇರೆ ಇತ್ತು. ನಮ್ಮಲ್ಲಿ ರಿಪೇರಿ ನಿಧಿಯೇ ಇರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಹೊರಟವರು ನಾವು. ಮೇಲೆ ಹೇಳಿದ ಬೈಲಾದಲ್ಲಿ, ಪ್ರತಿ ಮನೆಯ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡಾ ೦.೭೫ನ್ನು ರಿಪೇರಿಗೂ, ೦.೨೫ನ್ನು ಕಾದಿಟ್ಟ ನಿಧಿಗೂ ತೆಗೆದಿಡಬೇಕೆಂದಿದೆ. ವೆಚ್ಚ ೨೦ ಲಕ್ಷವಾಗಿದ್ದರೆ ವರ್ಷಕ್ಕೆ ೧೫,೦೦೦ ಮತ್ತು ೫,೦೦೦. ಹೀಗೆ ಕೂಡಿಟ್ಟಿದ್ದರೆ ಆ ತಾಯಿಯವರು ಎರಡು ಮಳೆಗಾಲ ಕಾಯಬೇಕಾಗಿರಲಿಲ್ಲ.

ಎರಡನೆಯ ಸಭೆಯಲ್ಲಿ ನಾವು ಘೋಷಣಾಪತ್ರವನ್ನು ಓದಿ ಹೇಳಿ, ಹಿಂದೆ ಸುಮ್ಮನಿದ್ದುದಕ್ಕೆ ಕ್ಷಮೆ ಕೇಳಿದೆವು. ನೆಲಮಹಡಿಯ ಮಹನೀಯರು ಕಾಗದವನ್ನು ತಾವೇ ಒಮ್ಮೆ ಓದಿ, “ಬರೆದುದು ಹೀಗಿದ್ದ ಮೇಲೆ ಮಾತೇನು?” ಎಂದು ಒಪ್ಪಿದರು. ಮೂರು ಅಂದಾಜುಗಳನ್ನು ತರಿಸಿ ಎಲ್ಲರಿಗೂ ತೋರಿಸಿದೆವು. ವೃದ್ಧೆಯವರ ೪೦,೦೦೦ ರೂಪಾಯಿಯನ್ನು ತಿಂಗಳಿಗೆ ೪,೦೦೦ದಂತೆ ಹತ್ತು ಕಂತಾಗಿ ಪಡೆಯುವುದೆಂದು ನಿಶ್ಚಯವಾಯಿತು. ಅವರು ಪಾಲನ್ನು ಕಡಮೆ ಮಾಡಿರೆಂದು ಕೇಳಲಿಲ್ಲ, ಕಾಲಾವಕಾಶವನ್ನಷ್ಟೇ ಬೇಡಿದರು.

ವಾಚಕರೇ, ನೀವು ಇಂತಹ ಕಟ್ಟಡದಲ್ಲಿದ್ದರೆ ಈ ಭಾನುವಾರವೇ ನಿಮ್ಮ ಘೋಷಣಾಪತ್ರವನ್ನು ಹೊರತೆಗೆದು, ನಿಮ್ಮ ಪಾಲೆಷ್ಟೆಂದು ಓದಿಕೊಳ್ಳಿರಿ. ಈ ವರ್ಷದ ಮಳೆ ನಮ್ಮಲ್ಲಿ ಆಗಲೇ ಎರಡು ಸಲ ಜೋರಾಗಿ ಬಂದಿತು. ಆ ತಾಯಿಯವರ ಪಾತ್ರೆಗಳು ಈಗ ಅಡಿಗೆಮನೆಯಲ್ಲಿವೆ.