ಬೆಟ್ಟ ಹತ್ತಿದರೆ ಸಾಲದು, ಇಳಿದು ಮನೆಗೂ ಬರಬೇಕು!

ಪಾಂಡವಪುರದ ಕುಂತಿಬೆಟ್ಟ ಹತ್ತಿಳಿದ ಮಂಡ್ಯ ಕಡೆಯ ಹುಡುಗರಿಗೆ ಈಗ ಹಿಮಾಲಯದ ಗೀಳು. ಹೊಳಲಿನ ಬಸ್ಸಿನಲ್ಲೂ ಅದೇ ಮಾತು, ಮಂಡ್ಯದ ಪೇಟೆಬೀದಿಯ ಅಂಗಡಿಗಳಲ್ಲೂ ಅದೇ ಮಾತು. ಹೋಗಲಿ, ಬೇಡ ಅನ್ನೋರು ಯಾರು? ಗದ್ದೆ ಬದು, ನಾಲೆ ಏರಿ, ಕಬ್ಬಿನ ಗಾಡಿ ನೋಡಿಕೊಂಡೇ ಬೆಳೆದ ಕಣ್ಣಿಗೆ ಹಿಮದ ಶಿಖರ ನೋಡೋ ಆಸೆ ತಪ್ಪಲ್ಲ. ಆದರೆ ಕುಂತಿಬೆಟ್ಟದ ಲೆಕ್ಕ ಹಿಡಿದುಕೊಂಡು ಅಲ್ಲಿಗೆ ಹೊರಡುವುದಿದೆಯಲ್ಲ, ಅದು ಮಾತ್ರ ಶುದ್ಧ ಹುಂಬತನ.

2024ರ ಜೂನ್ ಮೊದಲ ವಾರ ನೆನಪಿದೆಯೇ? ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಅವರಲ್ಲಿ ಬಹುಪಾಲು ಕರ್ನಾಟಕದವರು. 9 ಜನ ಸತ್ತರು, 13 ಜನ ಬದುಕಿದರು. ವಾಯುಪಡೆಯ ಹೆಲಿಕಾಪ್ಟರ್ ಹಾರಬೇಕಾಯಿತು, ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಓಡಬೇಕಾಯಿತು. ಸತ್ತವರೆಲ್ಲ ಎಳಸುಗಳೇನಲ್ಲ, ಹಿಂದೆ ಎಷ್ಟೋ ಬೆಟ್ಟ ಕಂಡವರೂ ಅವರಲ್ಲಿದ್ದರು. ಪ್ರಪಾತಕ್ಕೆ ಉರುಳಿ ಸತ್ತದ್ದೂ ಅಲ್ಲ. ಚಳಿ ಕೊಂದಿತು.

ಕುಂತಿಬೆಟ್ಟದ ತುದಿ ಸಮುದ್ರಮಟ್ಟದಿಂದ 3 ಸಾವಿರ ಅಡಿಯೊಳಗೇ. ಸಹಸ್ರತಾಲ 14 ಸಾವಿರ ಅಡಿಗೂ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದಕ್ಕಿಂತ ಸುಮಾರು ಶೇ. 40 ಕಡಿಮೆ. ಕಾಲಿನ ಕಸುವಿದ್ದರೆ ಸಾಲದು ಸ್ವಾಮಿ, ರಕ್ತವೂ ಒಗ್ಗಬೇಕು. 10 ಸಾವಿರ ಅಡಿ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 1,600 ಅಡಿಗಿಂತ ಮೇಲೇರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು ಅನ್ನುವುದು ವೈದ್ಯರ ಮಾತು. ತಲೆನೋವು, ವಾಂತಿ ಶುರುವಾದರೆ ಮೇಲೇರುವುದನ್ನು ನಿಲ್ಲಿಸಬೇಕು. ಜಾಸ್ತಿಯಾದರೆ ತಕ್ಷಣ ಕೆಳಗಿಳಿಯಬೇಕು; ‘ಇನ್ನೇನು ಬಂದೇಬಿಡ್ತು’ ಅನ್ನೋ ಧೈರ್ಯ ಅಲ್ಲಿ ಔಷಧವಲ್ಲ. ಊಟಿಗೆಂದು ಕೊಂಡ ಸ್ವೆಟರೂ ಅಲ್ಲಿ ನಡೆಯೋಲ್ಲ. ಒದ್ದೆಯಾದ ಹತ್ತಿ ಬಟ್ಟೆಯಂತೂ ಮೈಯ ಕಾವನ್ನೆಲ್ಲ ಹೀರಿಬಿಡುತ್ತದೆ.

ಅಕ್ಕಿ ಮೂಟೆ ಇಳಿಸಿಕೊಳ್ಳುವಾಗ ಎರಡು ಸಲ ತೂಕ ನೋಡುವ ಅಂಗಡಿಯವರು, ಮಗ ಚಾರಣಕ್ಕೆ ದುಡ್ಡು ಕೇಳಿದಾಗ ಮಾತ್ರ ಬಣ್ಣದ ಫೋಟೋ ನೋಡಿ ಎಣಿಸಿ ಕೊಟ್ಟುಬಿಡುತ್ತಾರೆ! ಕರೆದೊಯ್ಯುವವರನ್ನು ಕೇಳಬೇಡವೇ? ದಾರಿ ಬಲ್ಲವರು ಎಷ್ಟು ಜನ? ಹವಾಮಾನ ಕೆಟ್ಟರೆ ಎಷ್ಟು ಹೊತ್ತಿಗೆ ವಾಪಸು ತಿರುಗುತ್ತೀರಿ? ಮೈ ಒಗ್ಗಲು ಎಷ್ಟು ದಿನ ಇಟ್ಟಿದ್ದೀರಿ? ಇದಕ್ಕೆ ನೆಟ್ಟಗೆ ಉತ್ತರ ಕೊಡದವರಿಗೆ ಮುಂಗಡ ಕೊಡುವ ಅಗತ್ಯವೇನೂ ಇಲ್ಲ.

ಕಲಿಯೋ ಮನಸ್ಸಿದ್ದವರಿಗೆ ದಾರಿಯೂ ಇದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರಿಂದ ತರಬೇತಿ ಕೊಡುತ್ತಿದೆ. ಅಷ್ಟು ದೂರ ಯಾಕೆ, ಬೆಂಗಳೂರಿನಲ್ಲಿ ಸರ್ಕಾರದ್ದೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಹಿಮಾಲಯದ ರೈಲು ಟಿಕೆಟ್ ಕೊಳ್ಳುವ ಮೊದಲು ಅಲ್ಲಿಗೊಂದು ಬಸ್ ಟಿಕೆಟ್ ಕೊಳ್ಳಲಿ.