ಸೈನೈಡ್ ಗುಡ್ಡದ ಇಟ್ಟಿಗೆ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನ ಕಿಟಕಿಯಿಂದ ಬೋಳು ದಿಬ್ಬಗಳು ಕಾಣಿಸುತ್ತವೆ. ಹೊಸಬರು ಅವನ್ನು ಬೆಟ್ಟಗಳೆಂದೇ ಬಗೆಯುವುದುಂಟು. ಊರಿನವರ ಬಾಯಲ್ಲಿ ಅವು ಸೈನೈಡ್ ಗುಡ್ಡಗಳು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದಂದಿನಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ಕಲ್ಲನ್ನು ಹಿಟ್ಟುಮಾಡಿ, ಚಿನ್ನವನ್ನು ಸೋಸಿಕೊಂಡು, ಮಿಕ್ಕುದನ್ನು ಸುರಿದುದರ ಫಲವಿದು: 13 ದಿಬ್ಬಗಳು, ಮೂರು ಕೋಟಿ ಟನ್ನಿಗೂ ಮೀರಿದ ಧೂಳು.

ಪಾತಾಳದಿಂದ ಚಿನ್ನವನ್ನು ಮೇಲೆತ್ತಿದವನು ಬಾಳಿದುದಾದರೂ ಎಂತಹ ಮನೆಯಲ್ಲಿ? ಬಿದಿರುತಟ್ಟಿಯ ಗೋಡೆಯ ಲೈನುಗಳಲ್ಲಿ. ಇಂದು ಅವನ ಮೊಮ್ಮಕ್ಕಳು ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮದುವೆಯಾದ ಮಗನಿಗೊಂದು ಕೋಣೆಯನ್ನು ಕೂಡಿಸೋಣವೆಂದರೆ ಇಟ್ಟಿಗೆ ಸಿಮೆಂಟುಗಳ ಬೆಲೆಯೇ ಅಡ್ಡನಿಲ್ಲುತ್ತದೆ.

ಕಣ್ಣೆದುರಿನ ಈ ಧೂಳೇ ಇಟ್ಟಿಗೆಯಾಗಬಾರದೇ? ಪ್ರಶ್ನೆ ಹೊಸದಲ್ಲ. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್‌ನ ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೂರಕ್ಕೆ 20 ಪಾಲು ಸಿಮೆಂಟು ಬೆರೆಸಿ, 14 ದಿನ ನೀರುಣಿಸಿದರೆ ಇಟ್ಟಿಗೆ ಗಟ್ಟಿಯಾಗುತ್ತದೆ. ಆದರೆ ಅಷ್ಟು ಸಿಮೆಂಟು ದುಬಾರಿ. ಕೆಮ್ಮಣ್ಣನ್ನೋ ಎರೆಮಣ್ಣನ್ನೋ ಬೆರೆಸಿ ಸುಟ್ಟರೆ ಅಗ್ಗ.

ಹಾಗೆಂದು ಯಾರೂ ಬುಟ್ಟಿ ಹಿಡಿದು ಗುಡ್ಡಕ್ಕೆ ಹೋಗಬಾರದು. ಕಲ್ಲಿನ ಧೂಳು ಗಣಿಗಾರರ ಎದೆಗೂಡನ್ನು ಹೇಗೆ ತಿಂದಿತೆಂಬುದನ್ನು ಈ ಊರು ಬಲ್ಲದು. ಸಿಲಿಕೋಸಿಸ್ ರೋಗಕ್ಕಾಗಿ ಮೈಸೂರು ಸಂಸ್ಥಾನವು 1940ರಲ್ಲಿಯೇ ನಿಯಮ ರಚಿಸಬೇಕಾಯಿತು. ವಿಷದ ಅಂಶವೆಷ್ಟೆಂದು ಪ್ರತಿ ದಿಬ್ಬವನ್ನೂ ಪರೀಕ್ಷಿಸಿ, ಕಾರ್ಖಾನೆಯಲ್ಲಿ ಎಚ್ಚರದಿಂದ ಮಾಡಬೇಕಾದ ಕೆಲಸವಿದು. ಹಿತ್ತಿಲಿನ ಉದ್ಯೋಗವಲ್ಲ.

ಹಿತ್ತಿಲಿಗೆ ತಕ್ಕ ಉಪಾಯ ಬೇರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಮಣ್ಣಿನ ಇಟ್ಟಿಗೆಯನ್ನು ಹದಗೊಳಿಸಿತು. ಮರಳು ಸೇರಿಸಿದ ಕೆಮ್ಮಣ್ಣಿಗೆ ನೂರಕ್ಕೆ ಏಳರಷ್ಟು ಸಿಮೆಂಟು. ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರು ಚಿಮುಕಿಸಿದರಾಯಿತು. ಗೂಡು ಬೇಡ, ಸೌದೆ ಬೇಡ. ಮೇಲ್ಛಾವಣಿಗೆ ಕೋಲಾರ ಸೀಮೆಯ ಕಲ್ಲುಚಪ್ಪಡಿಯಿದೆ. ನಮ್ಮ ಹಳ್ಳಿಗಳ ಹಳೆಯ ಮನೆಗಳು ಅದನ್ನು ಹೊತ್ತುಕೊಂಡೇ ನಿಂತಿವೆ. ಸುಟ್ಟ ಇಟ್ಟಿಗೆಯೇ ಬೇಕೆನ್ನುವವರು ಲಾರಿ ಬೇಕರ್ ಪ್ರಚುರಪಡಿಸಿದಂತೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಬಹುದು; ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗದ ಉಳಿತಾಯ.

ಮಣ್ಣಿನ ಮನೆಯೆಂದೊಡನೆ ಮುಖ ಸಿಂಡರಿಸುವವರುಂಟು. ತಟ್ಟಿಯ ಗೋಡೆಯಲ್ಲಿ ಹುಟ್ಟಿ ಬೆಳೆದವನು ಹಾಗೆ ಸಿಂಡರಿಸಿದರೆ ಅದನ್ನು ಒಣಜಂಭವೆನ್ನಲು ನನಗೆ ಮನಸ್ಸಿಲ್ಲ. ಅವನಿಗೆ ಉಪದೇಶಕ್ಕಿಂತ, ಮಳೆಗಾಲವೊಂದನ್ನು ಕಳೆದು ನಿಂತ ಮನೆಯೊಂದನ್ನು ತೋರಿಸುವುದು ಮೇಲು.

ಆ ಗುಡ್ಡಗಳ ಮಾತು ಮಾತ್ರ ಈಗ ತುರ್ತಿನದು. ಅವನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಒಪ್ಪಿಗೆಯಿತ್ತಿದೆ. ಸೋಸಿದರೂ ಧೂಳು ಕರಗದು; ಬಹುಪಾಲು ಹಾಗೆಯೇ ಉಳಿಯುತ್ತದೆ. ಕರಾರಿಗೆ ಸಹಿ ಬೀಳುವ ಮುನ್ನ, ಆ ಉಳಿಕೆಯ ಪರೀಕ್ಷೆಗೂ, ನಿರಪಾಯವೆಂದು ಕಂಡರೆ ಇಟ್ಟಿಗೆಯ ಕಾರ್ಖಾನೆಗೂ, ಅಲ್ಲಿಯ ಇಟ್ಟಿಗೆ ಲೈನುಗಳ ಸಂಸಾರಗಳಿಗೆ ಮೊದಲು ಸಲ್ಲುವುದಕ್ಕೂ ಅದರಲ್ಲೊಂದು ಕಲಮನ್ನು ಬರೆಯಿಸಬೇಕು. ಕೇಳಬೇಕಾದವರು ಊರಿನ ಪ್ರತಿನಿಧಿಗಳು.